ಗೋಮಾಳದ ಕ್ರಿಕೆಟ್ಟು, ನಮ್ಮ ರಾಸುಗಳು



ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆಗೆ ಬಿದ್ದ ಮೇಲೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಆರಂಭವಾಗುತ್ತದೆ. ಊರಿನ ಯುವಕ ಸಂಘದವರು ಗುದ್ದಲಿ, ಬಾಂಡ್ಲಿ, ಹಗ್ಗ ಹಿಡಿದು ಗೋಮಾಳದ ಕಡೆಗೆ ಹೊರಡುತ್ತಾರೆ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಕಳೆ ಕೀಳುವುದು, ಪಿಚ್ಚು ಕೆತ್ತಿ ಮಟ್ಟ ಮಾಡುವುದು, ಹಳೆಯ ಮ್ಯಾಟನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕುವುದು, ಪಂದ್ಯಾವಳಿಗೆ ಚಂದಾ ಎತ್ತುವುದು ಎಲ್ಲವೂ ಡಿಸೆಂಬರ್ ತಿಂಗಳಲ್ಲೇ ನಡೆಯಬೇಕು. ಸಂಕ್ರಾಂತಿಗೆ ಮೊದಲ ಚೆಂಡು ಬಿದ್ದರೆ ಮುಂಗಾರು ಹಿಡಿಯುವ ತನಕ ಆಟ ನಿಲ್ಲುವುದಿಲ್ಲ.

ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾದುದು. ಆಟ ನಡೆಯುವ ಜಾಗವೇ ದನ ಮೇಯುವ ಜಾಗ. ಆಡುವ ಹುಡುಗರು ನಮ್ಮ ಸದಸ್ಯರ ಮಕ್ಕಳು, ಸಂಜೆ ಕ್ಯಾನು ಹೊತ್ತು ಡೇರಿಯ ಮುಂದೆ ಸಾಲಿನಲ್ಲಿ ನಿಲ್ಲುವವರೂ ಅವರೇ. ವರ್ಷದಲ್ಲಿ ಐದು ತಿಂಗಳು ಒಂದೇ ನೆಲವನ್ನು ಹಸುವೂ ಆಟಗಾರನೂ ಹಂಚಿಕೊಳ್ಳುವಾಗ ಒಬ್ಬರಿಂದ ಇನ್ನೊಬ್ಬರಿಗೆ ಆಗಬಹುದಾದ ತೊಂದರೆಗಳನ್ನು ಋತುವಿಗೆ ಮುನ್ನವೇ ತಿಳಿದಿರುವುದು ಒಳ್ಳೆಯದು. ಚಿಕಿತ್ಸೆಗೆಂದು ಹಳ್ಳಿಗಳಿಗೆ ಹೋದಾಗ ಪ್ರತಿ ಬೇಸಿಗೆಯಲ್ಲೂ ಇಂಥ ಕೆಲವು ಪ್ರಕರಣಗಳನ್ನು ನೋಡುತ್ತಿರುವುದರಿಂದ ಈ ಲೇಖನ.

ಗೋಮಾಳ ಯಾರದು?

ಮೊದಲು ಜಾಗದ ವಿಚಾರ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಪ್ರತಿ 100 ರಾಸಿಗೆ 12 ಹೆಕ್ಟೇರ್‌ನಂತೆ, ಅಂದರೆ ಸುಮಾರು 30 ಎಕರೆಯಂತೆ, ಸರ್ಕಾರಿ ಜಮೀನನ್ನು ಆಯಾ ಗ್ರಾಮದ ದನಗಳ ಉಚಿತ ಮೇವಿಗೆ ಕಾದಿರಿಸಬೇಕು. ಹಾಗೆ ಕಾದಿರಿಸಿದ ನೆಲದ ಮೇಲೆ ಮೊದಲ ಹಕ್ಕು ಮೇಯುವ ದನದ್ದು. ಆದರೆ ಹುಡುಗರನ್ನು ಅಲ್ಲಿಂದ ಓಡಿಸಬೇಕೆಂದು ಹೇಳುವವರ ಪೈಕಿ ನಾನಲ್ಲ. ಲೆಕ್ಕ ಹಾಕಿ ನೋಡಿ: ಪಿಚ್ಚಿನ ಉದ್ದ 22 ಗಜ, ಎಂದರೆ 20.12 ಮೀಟರ್, ಅಗಲ 3.05 ಮೀಟರ್. ಇದು ಒಂದು ಗುಂಟೆಯ ಮುಕ್ಕಾಲು ಭಾಗವೂ ಅಲ್ಲ. 60 ಮೀಟರ್ ಬೌಂಡರಿ ಇಟ್ಟುಕೊಂಡರೆ ಇಡೀ ಮೈದಾನ ಎರಡೂ ಮುಕ್ಕಾಲು ಎಕರೆ ಆಗುತ್ತದೆ. ಪಿಚ್ಚಿನ ಆಚೆಯ ಅಷ್ಟೂ ನೆಲದಲ್ಲಿ ಆಟವಿಲ್ಲದ ಹೊತ್ತು ಹುಲ್ಲು ಬೆಳೆಯುತ್ತದೆ, ದನ ಮೇಯುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಓಡಾಡುವ ಕೆಲವು ಊರುಗಳಲ್ಲಿ ಗೋಮಾಳದ ಅಂಚೆಲ್ಲ ಒತ್ತುವರಿಯಾಗಿ, ಉಳಿದಿರುವುದು ಕ್ರಿಕೆಟ್ ಆಡುವ ತುಂಡು ಮಾತ್ರ. ದಿನಾ ಸಂಜೆ ಮೂವತ್ತು ಹುಡುಗರು ನೆರೆಯುವ ನೆಲಕ್ಕೆ ಯಾರೂ ರಾತ್ರೋರಾತ್ರಿ ಬೇಲಿ ಸುತ್ತಲಾರರು. ಗ್ರಾಮದ ಸಾಮೂಹಿಕ ಜಮೀನುಗಳ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲಾ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ತೀರ್ಪು ಒಂದು ಕಡೆ ಇರಲಿ, ಊರಿನವರ ಕಣ್ಣು ನೆಲದ ಮೇಲಿರುವುದೇ ದೊಡ್ಡ ಕಾವಲು. ಹಾಗೆಂದು ಗೋಮಾಳದ ನಡುವೆ ಕಾಂಕ್ರೀಟು ಸುರಿದು ಕಾಯಂ ಪಿಚ್ಚು ಮಾಡುವುದು, ಸುತ್ತ ಮುಳ್ಳುತಂತಿ ಎಳೆಯುವುದು ಸರಿಯಲ್ಲ. ಅದಕ್ಕೆ ಅನುಮತಿಯೂ ಬೇಕು, ಊರಿನ ಒಪ್ಪಿಗೆಯೂ ಬೇಕು.

ಕಣದ ವಿದ್ಯೆಯೇ ಪಿಚ್ಚಿನ ವಿದ್ಯೆ

ಒಳ್ಳೆಯ ಪಿಚ್ಚು ಮಾಡುವುದು ಹೇಗೆಂದು ಹುಡುಗರು ಪೇಟೆಯವರನ್ನು ಕೇಳುತ್ತಾರೆ. ಮನೆಯಲ್ಲಿರುವ ಅಜ್ಜನನ್ನು ಕೇಳಿದರೆ ಸಾಕು. ಕಣ ಮಾಡಿದ ಕೈಗೆ ಪಿಚ್ಚು ಮಾಡುವುದು ಕಷ್ಟವಲ್ಲ. ಎರಡರಲ್ಲೂ ಬೇಕಾದುದು ಒಂದೇ: ಕಾಲಿಟ್ಟರೆ ಪುಡಿಯಾಗದ, ಏಟು ಬಿದ್ದರೆ ಏಳದ, ಗಟ್ಟಿಯಾದ ಸಮತಟ್ಟು ನೆಲ.

ನಮ್ಮ ಕೆಂಪು ಮಣ್ಣಿನಲ್ಲಿ ಮರಳು ಹೆಚ್ಚು, ಜಿಗುಟು ಕಡಿಮೆ. ಅದನ್ನು ಎಷ್ಟು ಬಡಿದರೂ ನಾಲ್ಕು ದಿನದ ಆಟಕ್ಕೆ ಪುಡಿಯೇಳುತ್ತದೆ. ಆದ್ದರಿಂದ ಅರ್ಧ ಅಡಿ ಆಳ ತೆಗೆದು, ಕಲ್ಲು, ಬೇರು, ಗಾಜಿನ ಚೂರು ಆರಿಸಿ, ಕೆರೆಯ ಗೋಡು ಮಣ್ಣನ್ನು ಪುಡಿಮಾಡಿ ತುಂಬಬೇಕು. ಒಮ್ಮೆಗೇ ತುಂಬದೆ ಎರಡು ಅಂಗುಲಕ್ಕೊಂದು ಪದರದಂತೆ ಹಾಕಿ, ನೀರು ಚಿಮುಕಿಸಿ, ತುಳಿದು, ಉರುಳೆ ಹಾಯಿಸಬೇಕು. ಬರೀ ಎರೆಮಣ್ಣು ತುಂಬಿದರೆ ಒಣಗಿದಾಗ ಬಿರುಕು ಬಿಡುತ್ತದೆ. ಗೋಡಿನ ಜೊತೆಗೆ ಸ್ವಲ್ಪ ಕೆಂಪು ಮಣ್ಣು ಸೇರಿದರೆ ಬಿರುಕು ಕಡಿಮೆ.

ನೀರಿನ ಹದವೇ ಮುಖ್ಯ. ಸಂಜೆ ಚೆನ್ನಾಗಿ ನೆನೆಸಿ ರಾತ್ರಿಯಿಡೀ ಇಂಗಲು ಬಿಡಬೇಕು. ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮಣ್ಣು ಬೆರಳಿಗೆ ಮೆತ್ತಿದರೆ ಇನ್ನೂ ಹಸಿ. ಬೆರಳಿನ ಗುರುತು ಮೂಡಿ ಮಣ್ಣು ಅಂಟದಿದ್ದರೆ ಹದ ಬಂದಿದೆ. ಗುರುತೇ ಮೂಡದಿದ್ದರೆ ಹೊತ್ತು ಮೀರಿದೆ, ಇನ್ನು ಉರುಳೆ ಹಾಯಿಸಿ ಪ್ರಯೋಜನವಿಲ್ಲ. ರಾಗಿ ಒಕ್ಕುವ ರೋಣಗಲ್ಲು ಈಗ ಬಹಳ ಮನೆಗಳಲ್ಲಿ ಹಿತ್ತಲಿನಲ್ಲಿ ಬಿದ್ದಿದೆ. ರಸ್ತೆಯ ಮೇಲೆ ರಾಗಿ ಹರಡಿ ವಾಹನ ಹಾಯಿಸುವ ಅಭ್ಯಾಸ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಅದೇ ಕಲ್ಲಿಗೆ ಹಗ್ಗ ಕಟ್ಟಿ ನಾಲ್ವರು ಎಳೆದರೆ, ಅಥವಾ ಜೋಡೆತ್ತು ಹೂಡಿದರೆ, ಪೇಟೆಯ ಕಬ್ಬಿಣದ ರೋಲರನ್ನು ಬಾಡಿಗೆಗೆ ತರುವ ಅಗತ್ಯವಿಲ್ಲ. ಉದ್ದಕ್ಕೂ ಅಡ್ಡಕ್ಕೂ ಹಾಯಿಸಬೇಕು. ಎತ್ತು ಹೂಡುವುದಾದರೆ ಪಿಚ್ಚಿನ ಮೇಲೆ ತಿರುಗಿಸದೆ ತುದಿಯಿಂದಾಚೆ ಹೋಗಿ ತಿರುಗಿಸಬೇಕು, ಇಲ್ಲವಾದರೆ ಗೊರಸಿನ ಗುಂಡಿಗಳನ್ನು ಮುಚ್ಚುವುದರಲ್ಲೇ ಋತು ಕಳೆಯುತ್ತದೆ.

ಕಣಕ್ಕೆ ಸಗಣಿ ಬಗ್ಗಡ ಸಾರಿಸುವಂತೆ ಪಿಚ್ಚಿಗೂ ಸಾರಿಸುವವರಿದ್ದಾರೆ. ಧೂಳು ಕಟ್ಟುತ್ತದೆ ಎಂಬುದು ನಿಜ. ಆದರೆ ನನ್ನ ಸಲಹೆ ಬೇಡವೆಂದೇ. ಕಣದಲ್ಲಿ ಯಾರೂ ಮೊಣಕೈ ಊರಿ ಬೀಳುವುದಿಲ್ಲ. ಪಿಚ್ಚಿನಲ್ಲಿ ದಿನವೂ ಬೀಳುತ್ತಾರೆ. ಧನುರ್ವಾಯು ತರುವ ರೋಗಾಣು ದನ, ಕುದುರೆಗಳ ಕರುಳಿನಲ್ಲಿ ವಾಸಿಸಿ ಸಗಣಿ, ಲದ್ದಿಯ ಮೂಲಕ ಮಣ್ಣು ಸೇರುತ್ತದೆ. ಅದರ ಬೀಜಾಣುಗಳು ಬಿಸಿಲು, ಬರ ಎಲ್ಲವನ್ನೂ ತಡೆದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ. ಆಳವಾದ, ಗಾಳಿಯಾಡದ ಗಾಯ ಸಿಕ್ಕರೆ ಅಲ್ಲಿ ಮೊಳೆಯುತ್ತವೆ. ಗೋಮಾಳದಲ್ಲಿ ಆಡುವ ಪ್ರತಿಯೊಬ್ಬ ಹುಡುಗನಿಗೂ ಧನುರ್ವಾಯುವಿನ ಚುಚ್ಚುಮದ್ದು ಆಗಿರಲೇಬೇಕು. 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿಡಿ ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಗಾಯವಾದರೆ ಅರಿಶಿನ, ಸಗಣಿ, ಬೂದಿ ಯಾವುದನ್ನೂ ಮೆತ್ತದೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಕಳೆ ತೆಗೆಯುವ ವಿಚಾರದಲ್ಲಿ ಎಚ್ಚರಿಕೆ ಬೇಕು. ಈಚೆಗೆ ಕೀಳುವ ಶ್ರಮ ತಪ್ಪಿಸಲು ಕಳೆನಾಶಕ ಸಿಂಪಡಿಸುವುದು ರೂಢಿಯಾಗುತ್ತಿದೆ. ತೋಟದಲ್ಲಿ ಉಳಿದ ಔಷಧಿಯನ್ನೇ ಟ್ಯಾಂಕಿಗೆ ಸುರಿದು ತರುತ್ತಾರೆ, ಡಬ್ಬದ ಹೆಸರು ಕೂಡ ಯಾರೂ ಓದಿರುವುದಿಲ್ಲ. ಅದು ಪ್ಯಾರಾಕ್ವಾಟ್ ಆಗಿದ್ದರೆ, ಹೊಟ್ಟೆಗೆ ಹೋದಾಗ ಮನುಷ್ಯನಿಗಾಗಲಿ ದನಕ್ಕಾಗಲಿ ಪ್ರತಿವಿಷವಿಲ್ಲ. ಮೇಯುವ ನೆಲಕ್ಕೆ ಯಾವ ಕಳೆನಾಶಕವೂ ಬೇಡ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುನ್ನ, ಮಳೆ ನೆಲ ಹಸಿಯಿರುವಾಗಲೇ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇರುಸಹಿತ ಕಿತ್ತರೆ ಇಬ್ಬರಿಗೂ ಲಾಭ. ಹುಡುಗರಿಗೆ ಚರ್ಮದ ತುರಿಕೆ ತಪ್ಪುತ್ತದೆ. ಆ ಗಿಡ ತಿಂದ ಹಸುವಿನ ಹಾಲಿಗೆ ಬರುವ ಕಹಿ ನಮ್ಮ ಕ್ಯಾನಿಗೆ ಬರುವುದಿಲ್ಲ.

ಹಾಗೆಯೇ ಮೈದಾನ ಹಸಿರಾಗಲೆಂದು ಯೂರಿಯಾ ಎರಚಬೇಡಿ. ಚೀಲದ ತಳದಲ್ಲಿ ಉಳಿದ ಹರಳನ್ನು ಉಪ್ಪೆಂದು ನೆಕ್ಕಿದ ಹಸು, ಯೂರಿಯಾ ಕರಗಿದ ಗುಂಡಿಯ ನೀರು ಕುಡಿದ ಹಸು, ಅರ್ಧ ಗಂಟೆಯಲ್ಲಿ ನಡುಗುತ್ತಾ ಹೊಟ್ಟೆಯುಬ್ಬಿ ಬೀಳಬಹುದು. ಗೆರೆ ಎಳೆಯಲು ಸುಟ್ಟ ಸುಣ್ಣದ ಬದಲು ರಂಗೋಲಿ ಪುಡಿ ಬಳಸಿ. ಸುಣ್ಣದ ಪುಡಿ ಗಾಳಿಗೆ ಹಾರಿ ಆಟಗಾರನ ಕಣ್ಣಿಗೂ ಕರುವಿನ ಕಣ್ಣಿಗೂ ಬಿದ್ದರೆ ಸುಡುತ್ತದೆ.

ಹುಲ್ಲಿಗೆ ಬಂದರೆ, ನಮ್ಮ ಗರಿಕೆಯೇ ಸಾಕು. ಭಾರತದ ಬಹುತೇಕ ದೊಡ್ಡ ಮೈದಾನಗಳಲ್ಲಿ ಬೆಳೆಸುವುದು ಗರಿಕೆಯ ಜಾತಿಯ ಹುಲ್ಲನ್ನೇ. ಅದು ನೆಲಕ್ಕಂಟಿ ಹಬ್ಬುತ್ತದೆ, ತುಳಿತ ತಾಳುತ್ತದೆ, ಮೇಯಿಸಿದಷ್ಟೂ ಒತ್ತಾಗುತ್ತದೆ. ಲಂಡನ್ನಿನ ಲಾರ್ಡ್ಸ್ ಮೈದಾನ ಈಗಿರುವ ಜಾಗಕ್ಕೆ ಬಂದದ್ದು 1814ರಲ್ಲಿ; ಹುಲ್ಲು ಕತ್ತರಿಸುವ ಯಂತ್ರ ಬರುವ ಮುನ್ನ ಹಲವು ವರ್ಷ ಅಲ್ಲಿ ಪಂದ್ಯಕ್ಕೆ ಮೊದಲು ಕುರಿ ಬಿಟ್ಟು ಹುಲ್ಲು ಮೇಯಿಸುತ್ತಿದ್ದರು. ಕ್ರಿಕೆಟ್ಟಿನ ದೊಡ್ಡ ಮನೆಯೇ ಒಂದು ಕಾಲಕ್ಕೆ ಮೇವಿನ ಜಾಗವಾಗಿತ್ತೆಂದರೆ ನಾವು ನಾಚಬೇಕಾದುದಿಲ್ಲ. ಪಂದ್ಯಾವಳಿಗೆ ಎರಡು ವಾರ ಮೊದಲು ಊರಿನ ಕುರಿ, ದನಗಳನ್ನು ಮೈದಾನದಲ್ಲಿ ಬಿಟ್ಟು ಚೆನ್ನಾಗಿ ಮೇಯಿಸಿ, ಕೊನೆಯ ಎರಡು ದಿನ ಬಿಡದೆ ಸಗಣಿ ಎತ್ತಿದರೆ ಮೈದಾನ ಸಿದ್ಧ. ಸಗಣಿ ಗೊಬ್ಬರ ಗುಂಡಿಗೆ ಆಯಿತು.

ಮೊಳೆ, ತಂತಿ, ಪ್ಲಾಸ್ಟಿಕ್

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ತೆಂಗಿನ ನಾರಿನ ಮ್ಯಾಟನ್ನು ಬಿಗಿಯಲು ಸುತ್ತಲೂ ದೊಡ್ಡ ಮೊಳೆ ಹೊಡೆಯುತ್ತಾರೆ. ಶಾಮಿಯಾನ, ಫ್ಲೆಕ್ಸು, ಬಾವುಟ ಕಟ್ಟಲು ಬೈಂಡಿಂಗ್ ತಂತಿ ಬಳಸುತ್ತಾರೆ. ಪಂದ್ಯ ಮುಗಿದ ರಾತ್ರಿ ಎಲ್ಲರಿಗೂ ಮನೆ ಸೇರುವ ಆತುರ. ಹತ್ತು ಮೊಳೆ ಹೊಡೆದಲ್ಲಿ ಎಂಟು ಕೀಳುತ್ತಾರೆ, ತಂತಿಯನ್ನು ಕತ್ತರಿಸಿ ಅಲ್ಲೇ ಬಿಡುತ್ತಾರೆ.

ಮೇಕೆ, ಕುರಿಗಳಂತೆ ದನವು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆ ಸುತ್ತಿ ಸಿಕ್ಕಿದ್ದನ್ನೆಲ್ಲ ಒಳಗೆಳೆದುಕೊಂಡು, ಸರಿಯಾಗಿ ಅಗಿಯದೆ ನುಂಗುತ್ತದೆ. ಮೆಲುಕು ಹಾಕುವುದು ಆಮೇಲೆ. ಭಾರವಾದ ಕಬ್ಬಿಣದ ಚೂರು ಎರಡನೆಯ ಹೊಟ್ಟೆಯಾದ ಜಾಲರಿ ಹೊಟ್ಟೆಯಲ್ಲಿ ಕೂರುತ್ತದೆ. ಈ ಹೊಟ್ಟೆಯು ನಿಮಿಷಕ್ಕೊಮ್ಮೆ ಬಲವಾಗಿ ಹಿಂಡಿಕೊಳ್ಳುತ್ತಲೇ ಇರುತ್ತದೆ. ಹಿಂಡಿದಾಗಲೆಲ್ಲ ಮೊಳೆಯ ಮೊನೆ ಮುಂದಕ್ಕೆ ಹೋಗುತ್ತದೆ. ಮುಂದೆ ಇರುವುದು ವಪೆ, ಅದರಾಚೆ ಕೆಲವೇ ಅಂಗುಲ ದೂರದಲ್ಲಿ ಹೃದಯ.

ಜನವರಿಯಲ್ಲಿ ನುಂಗಿದ ತಂತಿ ಜನವರಿಯಲ್ಲೇ ತೊಂದರೆ ಕೊಡಬೇಕೆಂದಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕರು ಬೆಳೆದು ಒತ್ತಡ ಹೆಚ್ಚಿದಾಗ, ಕರು ಹಾಕುವಾಗ ತಿಣುಕಿದಾಗ ಅದು ಚುಚ್ಚುತ್ತದೆ. ಹೀಗಾಗಿ ರೈತರು ಇದಕ್ಕೂ ಆಟಕ್ಕೂ ಸಂಬಂಧವನ್ನೇ ಕಾಣುವುದಿಲ್ಲ. ಹಾಲು ಒಂದೇ ದಿನಕ್ಕೆ ಅರ್ಧಕ್ಕಿಂತ ಕಡಿಮೆಯಾಗುವುದು, ಮೇವು ಬಿಡುವುದು, ಬೆನ್ನು ಗೂನು ಮಾಡಿ ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಒಪ್ಪದಿರುವುದು, ಮಲಗುವಾಗ ಏಳುವಾಗ ನರಳುವುದು, ಇವು ಮೊದಲ ಚಿಹ್ನೆಗಳು. ಗಂಗೆದೊಗಲಿನಲ್ಲಿ ನೀರು ತುಂಬಿ ಊದಿಕೊಂಡು, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿ ಕಂಡರೆ ಮೊನೆ ಹೃದಯದ ಚೀಲ ತಲುಪಿದೆ ಎಂದರ್ಥ. ಆ ಹಂತದಲ್ಲಿ ಉಳಿಯುವ ರಾಸು ಬಹಳ ವಿರಳ. ಮೊದಲ ಹಂತದಲ್ಲೇ ಕರೆದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬಹುದು. ಬಾಯಿಯ ಮೂಲಕ ನುಂಗಿಸುವ ಅಯಸ್ಕಾಂತವೂ ಇದೆ. ಅದು ಜಾಲರಿ ಹೊಟ್ಟೆಯಲ್ಲಿ ಕೂತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಮ್ಮೆ ಕೊಟ್ಟರೆ ಸಾಕು. ಆದರೆ ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿಗೆ ಅದು ನಾಟುವುದಿಲ್ಲ.

ಪರಿಹಾರ ಬಹಳ ಅಗ್ಗದ್ದು. ಮೊಳೆಗಳನ್ನು ಎಣಿಸಿ ಒಂದು ಡಬ್ಬದಲ್ಲಿಡಿ. ಆಟ ಮುಗಿದ ಮೇಲೆ ಎಣಿಸಿ ಡಬ್ಬಕ್ಕೆ ಹಾಕಿ. ಲೆಕ್ಕ ತಪ್ಪಿದರೆ ಹುಡುಕಿ. ಒಂದು ಊರಿನ ಹುಡುಗರು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಪಿಚ್ಚಿನ ಸುತ್ತ ಎಳೆದಾಡುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಅದಕ್ಕೆ ಅಂಟಿದ ಮೊಳೆ, ಬ್ಲೇಡು, ತಂತಿಯ ಚೂರು ಒಂದು ಹಿಡಿಯಾಗಿತ್ತು. ತಂತಿಯ ಬದಲು ಸೆಣಬಿನ ಹುರಿ ಬಳಸಿದರೆ ಈ ಕಷ್ಟವೂ ಇಲ್ಲ.

ಪ್ಲಾಸ್ಟಿಕ್ಕಿನ ಕೆಲಸ ನಿಧಾನ. ಉಪ್ಪು, ಸಾರು, ಬಾಳೆಹಣ್ಣಿನ ವಾಸನೆ ಹಿಡಿದ ಚೀಲವನ್ನು ಹಸು ಆಸೆಯಿಂದಲೇ ತಿನ್ನುತ್ತದೆ. ಅದು ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ವರ್ಷ ಕಳೆದಂತೆ ಹೊಟ್ಟೆಯೊಳಗೆ ಹಗ್ಗದಂತೆ ಹೊಸೆದುಕೊಂಡು ಮುದ್ದೆಯಾಗುತ್ತದೆ. ಮೇವಿಗೆ ಜಾಗವಿಲ್ಲದೆ ರಾಸು ಬಡವಾಗುತ್ತದೆ, ಪದೇ ಪದೇ ಹೊಟ್ಟೆ ಉಬ್ಬರಿಸುತ್ತದೆ, ಬೆದೆ ಸರಿಯಾಗಿ ಬರುವುದಿಲ್ಲ. ಹೊಟ್ಟೆ ಕೊಯ್ದು ತೆಗೆಯುವ ಹೊರತು ಬೇರೆ ಮದ್ದಿಲ್ಲ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕಾನೂನು ಹೇಗಾದರೂ ಇರಲಿ, ಮುತ್ತುಗದ ಎಲೆ, ಅಡಿಕೆ ಹಾಳೆ ನಮ್ಮಲ್ಲೇ ಸಿಗುತ್ತವೆ. ಕುಡಿಯಲು ನೀರಿನ ಪ್ಯಾಕೆಟ್ಟಿನ ಬದಲು ಕೊಡದಲ್ಲಿ ನೀರು, ಉಪ್ಪು ಹಾಕಿದ ಮಜ್ಜಿಗೆ ಇಟ್ಟರೆ ಬಿಸಿಲಿನಲ್ಲಿ ಬೆವರಿದ ಮೈಗೆ ಅದಕ್ಕಿಂತ ಒಳ್ಳೆಯದು ಯಾವುದಿದೆ?

ಪ್ರಾಸಂಗಿಕವಾಗಿ ಒಂದು ಮಾತು. ಹಸು ಗ್ಲೌಸು ಅಗಿಯಿತು, ಬ್ಯಾಟಿನ ಹಿಡಿ ನೆಕ್ಕಿತು ಎಂದು ಹುಡುಗರು ನಗುತ್ತಾರೆ. ಬೆವರಿನ ಉಪ್ಪಿಗೆ ಬಂದಿದ್ದರೆ ಅದು ಉಪ್ಪಿನ ಕೊರತೆ. ಚರ್ಮ, ಬಟ್ಟೆ, ಮೂಳೆಯನ್ನೇ ಹುಡುಕಿ ಅಗಿಯುತ್ತಿದ್ದರೆ ಅದು ರಂಜಕದ ಕೊರತೆಯ ಲಕ್ಷಣ. ಅಂಥ ರಾಸಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಬೇಕು, ಜಂತುನಾಶಕ ಕುಡಿಸಬೇಕು. ಸತ್ತ ದನದ ಮೂಳೆ ಅಗಿದು ಬಿದ್ದುಹೋದ ರಾಸುಗಳುಂಟು.

ಉಳಿದ ಅನ್ನ

ಹೋದ ಋತುವಿನಲ್ಲಿ ಒಂದು ಊರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಹದಿನಾರು ತಂಡಗಳ ಪಂದ್ಯಾವಳಿ. ಮಧ್ಯಾಹ್ನಕ್ಕೆ ಪಲಾವು, ಮೊಸರನ್ನ ಮಾಡಿಸಿದ್ದರು. ಎರಡು ತಂಡ ಬರಲಿಲ್ಲ, ದೊಡ್ಡ ಪಾತ್ರೆಯಲ್ಲಿ ಅನ್ನ ಉಳಿಯಿತು. ಎಸೆಯುವುದು ಬೇಡ, ದನವಾದರೂ ತಿನ್ನಲಿ ಎಂದು ಬೇಲಿ ಪಕ್ಕ ಸುರಿದರು. ಗಂಡನಿಲ್ಲದ ಹೆಣ್ಣುಮಗಳೊಬ್ಬಳ ಮಿಶ್ರತಳಿ ಹಸು, ಎರಡನೆಯ ಸೂಲು, ಹೊತ್ತಿಗೆ ಆರು ಲೀಟರು ಹಾಲು. ಹಗ್ಗ ಬಿಚ್ಚಿಕೊಂಡು ಹೋಗಿ ಹೊಟ್ಟೆ ತುಂಬ ತಿಂದಿತ್ತು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಕತ್ತು ಪಕ್ಕಕ್ಕೆ ಮಡಚಿ ಮಲಗಿತ್ತು. ಕಣ್ಣು ಗುಳಿ ಬಿದ್ದು, ಹುಳಿ ವಾಸನೆಯ ನೀರು ಸಗಣಿ ಹೋಗುತ್ತಿತ್ತು. ಎರಡು ದಿನ ಡ್ರಿಪ್ ಹಾಕಿದರೂ ಉಳಿಯಲಿಲ್ಲ. ವಿಮೆ ಇರಲಿಲ್ಲ.

ಡೇರಿ ಸಂಘದ ಸಭೆಯಲ್ಲಿ ಗಲಾಟೆಯೇ ಆಯಿತು. "ಏನ್ರಪ್ಪಾ, ನಿಮ್ಮ ಕಪ್ಪಿಗೆ ಆಯಮ್ಮನ ಹಸು ಬಲಿ ಕೊಡಬೇಕಿತ್ತಾ?" ಎಂದು ಹಿರಿಯರೊಬ್ಬರು ಕೇಳಿದರು. ತಂಡದ ನಾಯಕ ತಲೆ ತಗ್ಗಿಸಿ, "ತಾತ, ಅನ್ನ ಅಲ್ಲವಾ, ವಿಷ ಹಾಕಿದ್ದೇವಾ? ದನ ತಿಂದು ತಣ್ಣಗಿರಲಿ ಅಂತಲೇ ಸುರಿದಿದ್ದು" ಎಂದ. ಅವನು ಹೇಳಿದ್ದು ಸುಳ್ಳಲ್ಲ. ತಿಳಿಯದೆ ಕರುಣೆಯಿಂದ ಮಾಡಿದ ಕೆಲಸ ಅದು. ಆಮೇಲೆ ಸಂಘದವರೂ ಯುವಕರೂ ಸೇರಿ ಹಣ ಕೂಡಿಸಿ ಆಕೆಗೆ ಒಂದು ಕಡಸು ಕೊಡಿಸಿದರು. ಆದರೆ ಕಡಸು ಹಾಲು ಕೊಡಲು ಇನ್ನೂ ವರ್ಷದ ಮೇಲೆ ಬೇಕು.

ಅನ್ನ ಏಕೆ ವಿಷವಾಗುತ್ತದೆ? ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ನಾರನ್ನು ನಿಧಾನವಾಗಿ ಹುಳಿಸುತ್ತವೆ. ಬೆಂದ ಅನ್ನದ ಪಿಷ್ಟವಾದರೋ ಕೆಲವೇ ಗಂಟೆಗಳಲ್ಲಿ ಹುದುಗುತ್ತದೆ. ಆಗ ಬೇರೊಂದು ಜಾತಿಯ ರೋಗಾಣುಗಳು ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ಹುಲ್ಲು ಅರಗಿಸುವ ಜೀವಿಗಳು ಸಾಯುತ್ತವೆ, ಹೊಟ್ಟೆಯ ಚಲನೆ ನಿಲ್ಲುತ್ತದೆ, ಆಮ್ಲವು ಮೈಯ ನೀರನ್ನೆಲ್ಲ ಹೊಟ್ಟೆಯೊಳಗೆ ಎಳೆಯುತ್ತದೆ. ಬದುಕಿದ ಹಸುವಿಗೂ ಆಮೇಲೆ ಗೊರಸು ನೋವು ಬರುವುದುಂಟು. ಮದುವೆ, ಜಾತ್ರೆ, ತಿಥಿ ಊಟದ ಮರುದಿನವೂ ನಮಗೆ ಇದೇ ಕರೆ ಬರುತ್ತದೆ. ರಾಸು ಅನ್ನ ಅಥವಾ ಹಿಟ್ಟು ಹೆಚ್ಚಾಗಿ ತಿಂದದ್ದು ಕಂಡ ಕೂಡಲೇ, ಅದು ಆರೋಗ್ಯವಾಗಿ ನಿಂತಿದ್ದರೂ, ಪಶುವೈದ್ಯರಿಗೆ ತಿಳಿಸಿ. ಅವರು ಬರುವವರೆಗೆ ಬೇರೆ ಮೇವು ಹಿಂಡಿ ಕೊಡದೆ ನೂರು ಗ್ರಾಂ ಅಡಿಗೆ ಸೋಡವನ್ನು ನೀರಿನಲ್ಲಿ ಕದಡಿ, ತಲೆ ಮೇಲಕ್ಕೆತ್ತದೆ, ನಿಧಾನವಾಗಿ ಕುಡಿಸಬಹುದು. ಉಳಿದ ಅನ್ನವನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಅಷ್ಟೇ ಬೇಕಾದುದು.

ಹದಿನಾರು ಊರಿನ ಚಪ್ಪಲಿ

ಪಂದ್ಯಾವಳಿಯ ದಿನ ಹದಿನಾರು ಊರಿನ ಚಪ್ಪಲಿ, ಬೂಟು, ಗಾಡಿಯ ಚಕ್ರ ನಮ್ಮ ಗೋಮಾಳಕ್ಕೆ ಬರುತ್ತವೆ. ಅವುಗಳಲ್ಲಿ ಒಂದು ಊರಿನಲ್ಲಿ ಕಾಲುಬಾಯಿ ಜ್ವರ ಇದ್ದರೆ? ಆ ಊರಿನ ಹುಡುಗ ಬೆಳಿಗ್ಗೆ ಕೊಟ್ಟಿಗೆ ಬಾಚಿ, ಹಾಲು ಹಾಕಿ, ಅದೇ ಬೂಟಿನಲ್ಲಿ ಆಡಲು ಬಂದಿರುತ್ತಾನೆ. ರೋಗದ ವೈರಾಣು ಜೊಲ್ಲು, ಸಗಣಿ, ಹಾಲು ಎಲ್ಲದರಲ್ಲೂ ಇರುತ್ತದೆ. ಬೇಸಿಗೆಯ ಉರಿಬಿಸಿಲಿನಲ್ಲಿ ಅದು ಬೇಗ ಸಾಯುತ್ತದೆಯಾದರೂ ಡಿಸೆಂಬರ್, ಜನವರಿಯ ಚಳಿ ಮತ್ತು ಇಬ್ಬನಿಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ನಮ್ಮ ಪಂದ್ಯಾವಳಿಗಳು ನಡೆಯುವುದು ಆ ಕಾಲದಲ್ಲೇ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಈ ರೋಗ ಹಬ್ಬಿದಾಗ ಕಟ್ಟಿದ ಹಗ್ಗದಲ್ಲೇ ಹಸು ಸತ್ತ ಮನೆಗಳನ್ನು ನಮ್ಮ ಸದಸ್ಯರು ಮರೆತಿರಲಾರರು. ದೊಡ್ಡ ರಾಸು ಬದುಕಿದರೂ ಮೊದಲಿನ ಹಾಲು ಮತ್ತೆ ಬಾರದು, ಎಳೆಗರುಗಳು ಹೃದಯ ನಿಂತು ಸಾಯುತ್ತವೆ.

ಆದ್ದರಿಂದ ಆಹ್ವಾನ ಕಳುಹಿಸುವಾಗಲೇ ಕೇಳಿ: ನಿಮ್ಮೂರಿನಲ್ಲಿ ದನಗಳಿಗೆ ಬಾಯಿ ಹುಣ್ಣು, ಕಾಲು ಹುಣ್ಣು ಇದೆಯೇ? ಇದ್ದರೆ ಆ ತಂಡಕ್ಕೆ ಮುಂದಿನ ವಾರದ ದಿನಾಂಕ ಕೊಡಿ ಎಂದರೆ ಸಾಲದು, ಊರಿನಲ್ಲಿ ರೋಗ ಪೂರ್ತಿ ನಿಂತು ಒಂದು ತಿಂಗಳಾಗಲಿ. ಇದರಲ್ಲಿ ಅವಮಾನದ ಮಾತಿಲ್ಲ. ನಮ್ಮೂರಿನಲ್ಲೇ ರೋಗವಿದ್ದರೆ ನಾವೂ ಹೋಗಬಾರದು. ಗಾಡಿಗಳನ್ನು ಗೋಮಾಳದೊಳಕ್ಕೆ ಬಿಡದೆ ರಸ್ತೆಯಾಚೆ ನಿಲ್ಲಿಸಿ. ಒಳಬರುವ ದಾರಿಯಲ್ಲಿ ಎರಡು ಗೋಣಿಚೀಲ ಹಾಸಿ, 10 ಲೀಟರು ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಕರಗಿಸಿ ನೆನೆಸಿಡಿ. ಎಲ್ಲರೂ ತುಳಿದೇ ಬರಲಿ. ಆ ದಿನ ಮತ್ತು ಮರುದಿನ ದನ ಬಿಡಬೇಡಿ. ಸೋಡಕ್ಕೆ ಆಗುವ ಖರ್ಚು ಒಂದು ಟೆನ್ನಿಸ್ ಚೆಂಡಿನ ಬೆಲೆಗೆ ಸಮ.

ಇವೆಲ್ಲಕ್ಕಿಂತ ಮೊದಲು ಲಸಿಕೆ. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕಲಾಗುತ್ತಿದೆ. ಹಾಲು ಕಡಿಮೆಯಾಗುತ್ತದೆಂದು ಕೆಲವರು ಹಸುವನ್ನು ತೋಟದಲ್ಲಿ ಬಚ್ಚಿಡುತ್ತಾರೆ. ಎರಡು ಮೂರು ದಿನ ಸ್ವಲ್ಪ ಇಳಿಯುವುದು ನಿಜ, ಆಮೇಲೆ ಸರಿಹೋಗುತ್ತದೆ. ಇಲ್ಲಿ ಯುವಕ ಸಂಘದವರಿಂದ ನಮಗೆ ದೊಡ್ಡ ಉಪಕಾರ ಆಗಬಹುದು. ಲಸಿಕೆಯ ದಿನ ರಾಸು ಹಿಡಿದುಕೊಡಲು ಹತ್ತು ಗಟ್ಟಿ ಹುಡುಗರು ಬಂದರೆ ಇಡೀ ಊರು ಬೆಳಿಗ್ಗೆಯೇ ಮುಗಿಯುತ್ತದೆ. ವೇಗದ ಬೌಲರುಗಳು ಹೋರಿ ಹಿಡಿಯುವುದರಲ್ಲೂ ಮುಂದಿರುತ್ತಾರೆ ಎಂಬುದು ನನ್ನ ಅನುಭವ! 236 ಟೆಸ್ಟ್ ವಿಕೆಟ್ ಪಡೆದ ಶ್ರೀನಾಥರ ಹೆಸರಿನ ಮುಂದಿರುವ ಜಾವಗಲ್ಲೂ ಹಾಸನ ಜಿಲ್ಲೆಯ ಒಂದು ಊರೇ ತಾನೆ.

ಮೈಕು ಮತ್ತು ಹಾಲು

ಹಸು ಹಾಲು ಬಿಡುವುದು ಕೆಚ್ಚಲಿನ ಕೆಲಸವಷ್ಟೇ ಅಲ್ಲ, ಮನಸ್ಸಿನ ಕೆಲಸವೂ ಹೌದು. ಕೆಚ್ಚಲು ತೊಳೆದು ಒರೆಸಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದನಿಕೆ ಹೊರಟು ಹಾಲನ್ನು ಇಳಿಸುತ್ತದೆ. ಅದರ ಪ್ರಭಾವ ಇರುವುದು ಐದರಿಂದ ಏಳು ನಿಮಿಷ. ಅಷ್ಟರಲ್ಲಿ ಪಟಾಕಿ ಸಿಡಿದರೆ, ಧ್ವನಿವರ್ಧಕ ಕಿರುಚಿದರೆ, ಹಸು ಬೆದರಿ ಅಡ್ರಿನಲಿನ್ ಎಂಬ ಇನ್ನೊಂದು ಚೋದನಿಕೆ ಹೊರಡುತ್ತದೆ, ಹಾಲು ಮೇಲಕ್ಕೆ ಸೇದಿಕೊಳ್ಳುತ್ತದೆ. ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿ. ಸಿಕ್ಸರಿಗೊಂದು ಪಟಾಕಿ ಎಂಬ ಪದ್ಧತಿಯನ್ನು ಬಿಡಬೇಕು, ಮೈಕಿನ ಬಾಯಿ ಕೊಟ್ಟಿಗೆಗಳ ಕಡೆಗಿರದೆ ಬಯಲಿನ ಕಡೆಗಿರಲಿ, ಹಾಲು ಕರೆಯುವ ಹೊತ್ತಿನಲ್ಲಿ ಅದು ಮೌನವಾಗಿರಲಿ. ಪಂದ್ಯ ಎಳೆದುಕೊಂಡು ಹೋಗಿ ಸಂಜೆಯ ಹಾಲು ಒಂದು ಗಂಟೆ ತಡವಾಗುವುದೂ ಒಳ್ಳೆಯದಲ್ಲ. ಡೇರಿಯ ಹೊತ್ತಿಗೆ ಆಟ ನಿಲ್ಲಿಸಿ, ಬೇಕಿದ್ದರೆ ಹಾಲು ಹಾಕಿ ಬಂದು ಉಳಿದ ಓವರುಗಳನ್ನು ಆಡಲಿ.

ಉತ್ಪಾದಕರ ಹೊಣೆ

ಇಷ್ಟೂ ಹುಡುಗರಿಗೆ ಹೇಳಿದ್ದಾಯಿತು. ಹೈನುಗಾರರು ಮಾಡುವುದೇನೂ ಕಡಿಮೆಯಲ್ಲ. ಕಂದು ಹಾಕಿದ ಕರುವನ್ನೂ ಮಾಸನ್ನೂ ಗೋಮಾಳದ ಬೇಲಿಗೆ ಎಸೆಯುವ ಕೆಟ್ಟ ಚಾಳಿ ನಮ್ಮಲ್ಲಿದೆ. ಚೆಂಡು ಹೋಗಿ ಬೀಳುವುದೂ ಆ ಬೇಲಿಗೇ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಅದರಲ್ಲಿದ್ದರೆ ಗೀರಿದ ಕೈಯ ಮೂಲಕವೇ ಮನುಷ್ಯನಿಗೆ ಬರುತ್ತದೆ. ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಸೊಂಟ, ಕೀಲುಗಳ ನೋವು, ತಿಂಗಳುಗಟ್ಟಲೆ ನಿಶ್ಶಕ್ತಿ. ಇಂಥ ಜ್ವರವಿದ್ದರೆ ಮನೆಯಲ್ಲಿ ದನವಿದೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ಕಂದು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿ ಕೆದರದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಈ ರೋಗದ ಲಸಿಕೆ ಹಾಕಿಸಿ. ಸತ್ತ ರಾಸನ್ನು ಗೋಮಾಳದಲ್ಲಿ ಎಳೆದು ಬಿಡುವುದು, ಹಾಯುವ ಹೋರಿಯನ್ನು ಆಟದ ಹೊತ್ತಿನಲ್ಲಿ ಬಿಚ್ಚಿಬಿಡುವುದು ಕೂಡದು. ಹುಡುಗರೂ ಚೆಂಡೆಸೆಯುವ ಮುನ್ನ ಬೆರಳು ನೆಕ್ಕುವ ಅಭ್ಯಾಸ ಬಿಡಲಿ. ಚೆಂಡಿಗೆ ಎಂಜಲು ಹಚ್ಚುವುದನ್ನು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2020ರಲ್ಲಿ ನಿಲ್ಲಿಸಿ 2022ರಲ್ಲಿ ಕಾಯಂ ನಿಷೇಧ ಮಾಡಿದ್ದಾರೆ. ಸಗಣಿಯ ನೆಲದಲ್ಲಿ ಆಡುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕೆಚ್ಚಲಿಗೆ ಚೆಂಡಿನ ಏಟು ಬಿದ್ದು ಹಾಲಿನಲ್ಲಿ ರಕ್ತ ಕಂಡರೆ ಮೊದಲ ದಿನ ತಣ್ಣೀರಿನ ಬಟ್ಟೆ ಒತ್ತಿ, ಬಿಸಿ ಶಾಖ ಬೇಡ. ಆ ಹಾಲನ್ನು ಡೇರಿಗೆ ತರಬೇಡಿ.

ಪಂದ್ಯಾವಳಿಯ ದಿನಾಂಕ ಗೊತ್ತುಮಾಡುವ ಮುನ್ನ ಯುವಕ ಸಂಘದವರು ಡೇರಿ ಕಾರ್ಯದರ್ಶಿಯವರಿಂದ ಲಸಿಕೆಯ ದಿನಾಂಕ ಕೇಳಿಕೊಳ್ಳಲಿ. ಲಸಿಕೆ ಹಾಕಿದ ಮೇಲೆ ರಾಸಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಬರಲು ಎರಡು ಮೂರು ವಾರ ಬೇಕು. ಲಸಿಕೆ ಮುಗಿದು ಮೂರು ವಾರದ ನಂತರದ ಭಾನುವಾರವೇ ಹೊರಊರಿನ ತಂಡಗಳನ್ನು ಕರೆಯಲು ತಕ್ಕ ದಿನ. ಅಯಸ್ಕಾಂತ ಬೇಕಾದವರು, ರಾಸು ಐದು ತಿಂಗಳ ಗಬ್ಬವಿರುವಾಗಲೇ, ಶಿಬಿರ ಕಚೇರಿಯಲ್ಲಿ ಪಶುವೈದ್ಯರನ್ನು ವಿಚಾರಿಸಬಹುದು.